ದಾನವ್ವ ನೋಡಿದ ಮೇಲೆಯೇ ಹಾಲು

ಸಾಂತಾಕ್ರೂಜ್‌ನ ಗದ್ದೆ ಬದಿಯ ಆ ಸಾಲುಮನೆಗಳ ಚಾಳಿನಲ್ಲಿ ಹಾವು ಕಂಡರೆ ಎಲ್ಲರೂ ಕೂಗುತ್ತಿದ್ದುದು ದಾನವ್ವನನ್ನು. ವಿಜಾಪುರದ ಹೊಲಗಳಲ್ಲಿ ಬೆಳೆದವಳು, ರೈಲ್ವೆ ನೌಕರ ಬಸವಂತಪ್ಪನ ಹೆಂಡತಿಯಾಗಿ ಮುಂಬಯಿಗೆ ಬಂದಿದ್ದಳು. ಹಾವಿನ ವಿಷಯದಲ್ಲಿ ಅವಳಿಗೆ ಜಂಬ ಸ್ವಲ್ಪ ಜಾಸ್ತಿಯೇ. ಇರಲಿ ಬಿಡಿ, ಅವಳಿಗೆ ಅದು ಒಪ್ಪುತ್ತಿತ್ತು.

"ಮಂದಿ ತಲಿ ನೋಡಿ ಓಡ್ತಾರ. ನಾ ಬೆನ್ನ ನೋಡಿ ನಿಂದರತೀನಿ" ಎಂದು ನಲ್ಲಿಯ ಹತ್ತಿರ ಹೇಳಿದಾಗಲೆಲ್ಲ ಹೆಂಗಸರು ಮುಸಿಮುಸಿ ನಗುತ್ತಿದ್ದರು.

ಸಾವಿರದ ಒಂಬೈನೂರ ಐವತ್ತಾರರ ನಾಗರಪಂಚಮಿ. ಚಾಳಿನ ಹಿಂದಿನ ಆಲದ ಬುಡದಲ್ಲಿ ಉಡುಪಿ ಕಡೆಯವರು ನಾಗನ ಕಲ್ಲು ಇಟ್ಟಿದ್ದರು. ಅಂದು ಬೆಳಗ್ಗೆ ಕಲ್ಲಿಗೆ ಒರಗಿದಂತೆ ಒಂದು ಹಾವು ಸುರುಳಿ ಸುತ್ತಿ ಮಲಗಿತ್ತು. ಪಂಚಮಿಯ ದಿನ ನಾಗನೇ ಬಂದನೆಂದು ಎಲ್ಲರೂ ಕೈಮುಗಿದರು. ಹೋಟೆಲಿನ ಅಣ್ಣು ಶೆಟ್ಟರ ಸೊಸೆ ವಸಂತಿ ಹಾಲಿನ ಗಿಂಡಿ ಹಿಡಿದು ಬಗ್ಗಿದಳು.

ದಾನವ್ವ ಬಂದದ್ದು ಆಗಲೇ. ಹಾವಿನ ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಕಂದು ಮಚ್ಚೆ. ಸ್ಟೋವಿಗೆ ಪಂಪು ಹೊಡೆದಂಥ ಬುಸುಗುಡುವ ಸದ್ದು. ಅವಳು ನಿಂತಲ್ಲಿಂದಲೇ ಕೂಗಿದಳು.

"ವಸಂತೀ, ಕೈ ತಗೀ! ಅದು ನಾಗಪ್ಪ ಅಲ್ಲ, ಕೊಳಕಮಂಡಲ!"

ಅಣ್ಣು ಶೆಟ್ಟರು ಕೆರಳಿದರು. "ಬಾಯಿಗೆ ಬಂದ ಹಾಗೆ ಹೇಳ್ಬೇಡಿ ಮಾರಾಯ್ರೆ. ನಾಗನ ಕಲ್ಲಿಗೆ ಬಂದದ್ದು ನಾಗ ಅಲ್ಲದೆ ಮತ್ತೆಂಥದ್ದು? ಶಾಂತವಾಗಿದ್ದಾನೆ, ಅದಕ್ಕೇ ಹೆಡೆ ಬಿಚ್ಚಲಿಲ್ಲ."

"ಬೈಯೂದಿದ್ರ ಆಮ್ಯಾಲೆ ಬೈರಿ ಅಣ್ಣಾರ. ಮೊದ್ಲ ಆಕೀನ ಹಿಂದ ಕರೀರಿ."

ಹಬ್ಬದ ದಿನ ದೇವರನ್ನು ಅವಮಾನಿಸಿದವಳೆಂಬ ಹೆಸರು ಬಂದರೆ ಚಾಳಿನಲ್ಲಿ ತಲೆ ಎತ್ತುವಂತಿರಲಿಲ್ಲ. ಆದರೂ ದಾನವ್ವ ವಸಂತಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಬಟ್ಟೆ ಒಣಹಾಕುವ ಗಳದ ತುದಿಗೆ ಗೋಣಿಚೀಲ ಸಿಕ್ಕಿಸಿ, ವಸಂತಿಯ ಕೈ ಇದ್ದ ಜಾಗಕ್ಕೇ ಚಾಚಿದಳು. ಹಾವು ಛಂಗನೆ ಎರಗಿ ಚೀಲವನ್ನು ಕಚ್ಚಿತು. ಗೋಣಿಯ ಮೇಲೆ ಹಳದಿ ವಿಷ ಇಳಿಯಿತು. ವಸಂತಿ ತನ್ನ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ಅತ್ತುಬಿಟ್ಟಳು.

ಯಾರೋ ದೊಣ್ಣೆ ತಂದರು. ದಾನವ್ವ ಹೊಡೆಯಗೊಡಲಿಲ್ಲ. "ಪಂಚಮಿ ದಿನ ಯಾವ ಹಾವಾದ್ರೇನು?" ಎಂದು ಅದನ್ನು ಗಳದಿಂದಲೇ ಗದ್ದೆಯತ್ತ ಅಟ್ಟಿದಳು.

ಮರುವರ್ಷ ಪಂಚಮಿಯ ಬೆಳಗ್ಗೆ ಅಣ್ಣು ಶೆಟ್ಟರು ತಾವೇ ಅವಳ ಬಾಗಿಲಿಗೆ ಬಂದರು. "ಒಮ್ಮೆ ಬಂದು ನೋಡಿ ದಾನವ್ವ. ನೀವು ಹೇಳಿದ ಮೇಲೆ ಹಾಲೆರೆಯುವ."

ದಾನವ್ವ ಇಳಕಲ್ ಸೀರೆ ಉಟ್ಟು ಹೋದಳು. ಕಲ್ಲಿನ ಸುತ್ತ, ಬೇರಿನ ಸಂದಿಯಲ್ಲಿ, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತೇ ನೋಡಿದಳು. ಇಡೀ ಚಾಳು ಕಾಯುತ್ತಿತ್ತು, ಕಾಯಲಿ ಎಂದುಕೊಂಡಳು. ಕೊನೆಗೆ ಗಿಂಡಿ ಹಿಡಿದು ನಿಂತ ವಸಂತಿಯ ಕಡೆ ತಿರುಗಿದಳು.

"ಇನ್ನ ಎರೀ ನಮ್ಮವ್ವ."