ರೇಡಿಯೇಟರಿಗೆ ಅರಿಷಿಣ

ಓಣಿಯಲ್ಲಿ ಒಬ್ಬರ ಮನೆಯ ಕಾರು ಎಲ್ಲರ ಮನೆಯ ಕಾರೂ ಆಗಿದ್ದ ದಿನಗಳವು. ರೋಣದ ನಮ್ಮ ಓಣಿಯಲ್ಲಿ ಇದ್ದದ್ದು ನಮ್ಮ ಕಾಕಾನದೊಂದೇ. ಮದುವೆಗೆ, ದವಾಖಾನಿಗೆ, ಬೀಗರನ್ನು ಕರೆತರಲಿಕ್ಕೆ ಎಲ್ಲದಕ್ಕೂ ಅದೇ. ಒಳಗೆ ಕೂತರೆ ಪೆಟ್ರೋಲು, ಕಡ್ಲಿಹೊಟ್ಟು, ಕಾಕಾನ ಎಲೆಅಡಿಕೆ ಮೂರೂ ಕೂಡಿದ ವಾಸನೆ.

ನಾನಾಗ ನಾಲ್ಕನೇ ಇಯತ್ತೆ. ಅಕ್ಕನನ್ನು ನರಗುಂದಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ದೀಪಾವಳಿಗೆಂದು ಬಂದವಳು ಹೊಲದಲ್ಲಿ ಹಸಿ ಕಡ್ಲಿ ಸುಟ್ಟು ತಿನ್ನುವ ದಿನ ಬಂದರೂ ಹೋಗಿರಲಿಲ್ಲ. ಇಬ್ಬರಿಗೂ ಒಂದೇ ಕೌದಿ. ಮಧ್ಯಾಹ್ನ ಚೌಕಾಬಾರ ಆಡುತ್ತಿದ್ದೆವು. ಸೋಲುವ ಹಾಗಾದರೆ ಅಕ್ಕ ಕವಡೆ ಎತ್ತಿಕೊಂಡು ಓಡುತ್ತಿದ್ದಳು, ನಗುತ್ತ. ಅವಳು ಎರಕೊಳ್ಳುವಾಗ ಬೆನ್ನಿಗೆ ನೀರು ಹಾಕುತ್ತಿದ್ದವಳು ನಾನು. ಬೆನ್ನ ಮೇಲಿನ ಬರೆ ಎಂಥವು ಎಂದು ಒಮ್ಮೆ ಕೇಳಿದ್ದೆ.

"ಸುಮ್ಕ ನೀರ ಹಾಕು" ಅಂದಿದ್ದಳು.

ಅವ್ವನೂ ಅವನ್ನು ನೋಡಿದ್ದಳು. ಮನೆಯಲ್ಲಿ ಯಾರೂ ಆ ಮಾತು ತೆಗೆಯಲಿಲ್ಲ. ಒಂದು ಸಂಜಿ ಊಟಕ್ಕೆ ಕೂತಾಗ ಅಪ್ಪ, "ನಾಳೆ ಅಕಿನ್ನ ಬಿಟ್ಟು ಬರೂದೈತಿ" ಅಂದ. ಅಷ್ಟೇ.

ಮರುದಿನ ಅವ್ವ ಅಕ್ಕನಿಗೆ ಉಡಿ ತುಂಬಿದಳು. ಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಖಾರಪುಡಿ, ಒಂದು ಡಬ್ಬಿ ಅರಿಷಿಣ ಪುಡಿ ಇಟ್ಟಳು. ಕಾಕಾ ಕಾರು ಹೊಡೆದ. ಅಪ್ಪ ಅವನ ಪಕ್ಕ, ಹಿಂದೆ ನಾನು ಮತ್ತು ಅಕ್ಕ.

ಯಾವಗಲ್ ಊರು ಇನ್ನೂ ಮುಂದಿರುವಾಗಲೇ ಕಾರಿನ ಮೂತಿಯಿಂದ ಹೊಗೆಯಂತೆ ಉಗಿ ಎದ್ದಿತು. ಕಾಕಾ ಇಳಿದು ಬಾನೆಟ್ ಎತ್ತಿದ. ರೇಡಿಯೇಟರಿನಿಂದ ದಾರದಷ್ಟು ಸಣ್ಣಗೆ ನೀರು ಸೋರುತ್ತಿತ್ತು.

"ಇದು ಇಲ್ಲಿ ರಿಪೇರಿ ಆಗೂದಲ್ಲ ಅಣ್ಣ. ತಿರುಗಿ ಮನಿಗೆ ಹೋಗೂಣು."

ಹೇಳಿದ್ದು ಅಪ್ಪನಿಗೆ. ನೋಡಿದ್ದು ಅಕ್ಕನನ್ನು. ನನಗೆ ಹಿಗ್ಗು.

ರೋಣದ ಕಡೆ ಹೊರಟ ಟ್ರ್ಯಾಕ್ಟರೊಂದು ಬಂತು. ಹಗ್ಗ ಕಟ್ಟಿ ಎಳೆದೊಯ್ಯಲು ಕಾಕಾ ಕೇಳಿದ. ಟ್ರ್ಯಾಕ್ಟರಿನವ ಇಳಿದು, ಬಗ್ಗಿ ನೋಡಿದ.

"ಇಷ್ಟಕ್ಕ ಯಾಕ ಎಳಕೊಂಡು ಹೋಗ್ತೀರಿ? ತೂತಿಗೆ ಸಬಕಾರ ಮೆತ್ತಿ ಅರಿಬಿ ಬಿಗೀರಿ. ನೀರಾಗ ಅರಿಷಿಣ ಪುಡಿ ಹಾಕ್ರಿ, ಅದು ಸಂದ್ಯಾಗ ಹೋಗಿ ಕುಂದರತೈತಿ. ನರಗುಂದ ಆರಾಮ ಮುಟ್ಟತೀರಿ."

ಬಟ್ಟೆ ಒಗೆಯುವ ಸಬಕಾರದ ತುಂಡು ಅವನ ಹತ್ತಿರವೇ ಇತ್ತು. ಕೊಡದಲ್ಲಿದ್ದ ನೀರನ್ನೂ ಕೊಟ್ಟ. ಆಮೇಲೆ ಕಿಟಕಿಯಲ್ಲಿ ಬಗ್ಗಿ ನನ್ನನ್ನು ಕೇಳಿದ: "ಅರಿಷಿಣ ಐತೇನ ತಂಗಿ?"

ಚೀಲ ನನ್ನ ಕಾಲ ಬಳಿಯೇ ಇತ್ತು.

"ಇಲ್ರಿ" ಅಂದೆ.

ಅಪ್ಪ ನನ್ನನ್ನೇ ನೋಡಿದ. ಕಾಕಾ ಬೇರೆ ಕಡೆ ನೋಡಿದ.

"ಐತಿ" ಅಂದಳು ಅಕ್ಕ.

ಚೀಲದಿಂದ ಡಬ್ಬಿ ತೆಗೆದು ತಾನೇ ಕೆಳಗಿಳಿದಳು. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಇಂಜಿನ್ ಆರುವ ತನಕ ಬಿಸಿಲಲ್ಲಿ ನಿಂತಳು. ಕಾಕಾ ತೂತಿಗೆ ಸಬಕಾರ ಮೆತ್ತಿ, ಅರಿಬಿಯ ಚಿಂದಿ ಬಿಗಿದು, ನೀರು ಹೊಯ್ದ. ಅಕ್ಕ ಹಿಡಿ ಹಿಡಿಯಾಗಿ ಅರಿಷಿಣ ಹಾಕಿದಳು. ಕಾರು ಚಾಲೂ ಮಾಡಿದಾಗ ಹಳದಿ ನೀರು ಸ್ವಲ್ಪ ಸೋರಿತು. ಆಮೇಲೆ ಹನಿಹನಿ. ಆಮೇಲೆ ನಿಂತೇಹೋಯಿತು.

"ನೋಡ್ರಿ, ನಾ ಹೇಳ್ಲಿಲ್ಲಾ?" ಎಂದು ಟ್ರ್ಯಾಕ್ಟರಿನವ ಖುಷಿಯಾಗಿ ಹೊರಟುಹೋದ.

ಕಾಕಾ ಮುಚ್ಚಳ ಸಡಿಲ ಬಿಟ್ಟು, ಚಕ್ಕಡಿಯಷ್ಟು ನಿಧಾನ ಹೊಡೆದ. ನರಗುಂದ ಮುಟ್ಟಿದೆವು. ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು, "ಬಂದ್ರೇನು?" ಅಂದಳು. ಅಕ್ಕ ಚೀಲ ಎತ್ತಿಕೊಂಡು ಒಳಗೆ ಹೋದಳು. ನಾವು ಚಹಾ ಕುಡಿದೆವು. ಬರುವಾಗ ಹಿಂದಿನ ಸೀಟು ಪೂರ್ತಿ ನನ್ನದೇ ಆಗಿತ್ತು. ಅತ್ತದ್ದು ನೆನಪಿಲ್ಲ. ಕಾಲು ಚಾಚಿ ಮಲಗಿದೆ, ನಿದ್ದೆ ಬಂತು.

ಕಾಕಾ ಹೋಗಿ ಬಹಳ ವರ್ಷವಾಯಿತು. ಅಪ್ಪನೂ ಇಲ್ಲ. ಅಕ್ಕ ಅದೇ ಮನೆಯಲ್ಲಿ ಬಾಳ್ವೆ ಮಾಡಿದಳು, ಮಕ್ಕಳನ್ನು ಬೆಳೆಸಿದಳು. ತವರಿಗೆ ಹಬ್ಬಕ್ಕೆ ಬಂದರೆ ಎರಡು ದಿನ, ಮೂರನೇ ದಿನದ ಮೊದಲ ಬಸ್ಸಿಗೆ ವಾಪಸ್. ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಆವತ್ತ ಯಾಕ ಐತಿ ಅಂದಿ ಅಕ್ಕಾ?"

ಮೆಂತ್ಯ ಪಲ್ಯ ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಬಿಸಲಾಗ ಎಷ್ಟೊತ್ತಂತ ನಿಂದರೂದಿತ್ತು?"

ಈಗ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. ಊಟ ಆತೇನು, ಹುಡುಗ್ರು ಆರಾಮ ಅದಾವೇನು ಅನ್ನುತ್ತಾಳೆ. ನಾನು ಹೂಂ ಅನ್ನುತ್ತೇನೆ. ನನಗೆ ಗೊತ್ತಿದ್ದ ಅಕ್ಕ ನಮ್ಮ ಮನೆಯಲ್ಲಿದ್ದದ್ದು ಆ ಮೂರು ತಿಂಗಳೇ ಕೊನೆ.