ಪಾವಟಿಗಿ

ವಾಡಿ ಸ್ಟೇಶನ್ನಿನ ಹಮಾಲರೆಲ್ಲ ಚೀಲವನ್ನು ಬೆನ್ನ ಮೇಲೆ ಹೊರುತ್ತಿದ್ದರು. ಸಾಯಬಣ್ಣ ಒಬ್ಬನೇ ತಲೆಯ ಮೇಲೆ ಹೊರುತ್ತಿದ್ದ. ತೊಗರಿಯ ತುಂಬು ಚೀಲವಾದರೂ ಅಷ್ಟೇ. ಕತ್ತಿನ ನರ ಉಬ್ಬಿ ಕಣ್ಣು ಹೊರಗೆ ಬಂದರೂ ಬೆನ್ನು ಮಾತ್ರ ಬಗ್ಗಿಸಲೊಲ್ಲ. "ಕುತ್ತಿಗಿ ಮುರಕೊಂಡು ಸಾಯ್ತಿ ನೋಡು ಮಗನ" ಎಂದು ಜೊತೆಯವರು ಬೈಯುತ್ತಿದ್ದರು. ಅವನು ಕಾರಣ ಹೇಳಲಿಲ್ಲ. ಹೇಳಿದ್ದರೆ ಅವರೇನು ಕಣ್ಣೀರು ಹಾಕುತ್ತಿದ್ದರೆ? ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಡವರಿಗೆ ಬಡವರ ಮೇಲೆ ಕರುಣೆ ಜಾಸ್ತಿ ಎನ್ನುವವರು ಹಮಾಲರ ಜೊತೆ ಕೂತು ಒಂದು ಹೊತ್ತು ರೊಟ್ಟಿ ತಿಂದವರಲ್ಲ.

ಕಾರಣ ಚಿಂಚೋಳಿ ಕಡೆಯ ಒಂದು ಜಾಗೀರದಾರನ ಹವೇಲಿಯಲ್ಲಿತ್ತು. ತಾಯಿ ಸತ್ತಾಗ ಸಾಯಬಣ್ಣನಿಗೆ ಹತ್ತು ವರ್ಷ. ಸೋದರಮಾವ ಅವನನ್ನು ಹವೇಲಿಯ ಬಾಗಿಲಲ್ಲಿ ಬಿಟ್ಟು, ತಿರುಗಿ ನೋಡದೆ ಹೋದ. ಜಾಗೀರದಾರ ಭಾರಿ ಮೈಯ ಆಳು. ಕುದುರೆ ಹತ್ತಲು, ಇಳಿಯಲು ಕಾಲಿಗೆ ಏನಾದರೂ ಆಸರೆ ಬೇಕು. ಕಲ್ಲು ಇಡಬಹುದಿತ್ತು, ಆ ಸೀಮೆಯಲ್ಲಿ ಕಲ್ಲಿಗೇನು ಕೊರತೆ? ಆದರೆ ಕಲ್ಲನ್ನು ಹೋದಲ್ಲೆಲ್ಲ ಒಯ್ಯಲಾಗುವುದಿಲ್ಲ, ಹುಡುಗನನ್ನು ಕುದುರೆಯ ಹಿಂದೆ ಓಡಿಸಬಹುದು. ಧಣಿ "ಪಾವಟಿಗಿ" ಎಂದು ಕೂಗಿದ ಕೂಡಲೇ ಹುಡುಗ ಬಂದು ಅಂಗೈ, ಮೊಣಕಾಲು ನೆಲಕ್ಕೂರಿ ಪಾವಟಿಗಿಯ ಹಾಗೆ, ಅಂದರೆ ಮೆಟ್ಟಿಲಿನ ಹಾಗೆ, ಬಾಗಬೇಕು. ಬೆನ್ನ ಮೇಲೆ ಬೂಟು ಬೀಳುತ್ತಿತ್ತು. ಅಲುಗಾಡಿದರೆ ಚಾಟಿಯೇಟು. ಕುದುರೆಗೆ ಮೋತಿ ಎಂಬ ಹೆಸರಿತ್ತು. ಹುಡುಗನ ಹೆಸರು ಹವೇಲಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೀಸೆ ಬಂದ ಮೇಲೂ ಅವನು ಪಾವಟಿಗಿಯೇ.

ನಿಜಾಮನ ಆಳ್ವಿಕೆ ಮುಗಿದು ಜಾಗೀರುಗಳು ರದ್ದಾದ ವರ್ಷ ಅವನು ಹವೇಲಿ ಬಿಟ್ಟು ನಡೆದೇ ವಾಡಿಗೆ ಬಂದ. ತೋಳಿಗೆ ಹಮಾಲಿಯ ಹಿತ್ತಾಳೆ ಬಿಲ್ಲೆ ಕಟ್ಟುವ ದಿನ ಸ್ಟೇಶನ್ನಿನ ಬಾಬು ಅವನ ಹೆಸರು ಕೇಳಿದ. "ಸಾಯಬಣ್ಣ" ಎನ್ನಲು ನಾಲಿಗೆ ತಡವರಿಸಿತು. ಅಂದಿನಿಂದ ಎದೆ ಎತ್ತಿ ನಡೆಯುವುದನ್ನು ಅವನು ಹಟ ಹಿಡಿದು ಕಲಿತ.

ಆ ನಡಿಗೆಯೇ ಯಂಕಮ್ಮನ ಕಣ್ಣಿಗೆ ಬಿದ್ದಿತು. ಅವಳು ಕುರಕುಂಟಾದವಳು, ಗಂಡ ಸತ್ತ ಮೇಲೆ ಸ್ಟೇಶನ್ನಿನ ಹೊರಗೆ ರೊಟ್ಟಿ, ಪುಂಡಿಪಲ್ಯ ಮಾರುತ್ತಿದ್ದಳು. "ನಮ್ಮಾಂವ ಊರ ಮಂದಿಗೆಲ್ಲ ಬಗ್ಗಿ ಕೈ ಮುಗೀತಿದ್ದ. ಮನಿಗಿ ಬಂದು ಆ ಸಿಟ್ಟೆಲ್ಲ ನನ್ನ ಮ್ಯಾಲ ತೀರಸ್ತಿದ್ದ" ಎಂದು ಒಮ್ಮೆ ಹೇಳಿದಳು. "ನೀ ಹಂಗಲ್ಲ. ಯಾರಿಗೂ ಅಂಜಲಾರದಂಗ ನಡೀತಿ." ಸಾಯಬಣ್ಣನಿಗೆ ಅಂಥ ಮಾತು ಹುಟ್ಟಿದ ಮೇಲೆ ಯಾರೂ ಹೇಳಿರಲಿಲ್ಲ. ಹವೇಲಿಯ ಸುದ್ದಿ ಬಾಯಿಗೆ ಬಂದರೂ ನುಂಗಿಕೊಂಡ. ಅವಳ ಅಪ್ಪ ಮಲ್ಕಪ್ಪ ಬಂದು ನೋಡಿ ಹೂಂ ಅಂದರೆ ಉಡಿಕಿ ಮಾಡಿಕೊಳ್ಳುವುದು, ಅಂದರೆ ಅವಳಿಗೆ ಎರಡನೆಯ ಮದುವೆ, ಎಂದು ಮಾತಾಯಿತು.

ಮಲ್ಕಪ್ಪ ಬೆಳಗಿನ ಗಾಡಿಗೆ ಬಂದ. ಗಾಡಿ ನಿಂತ ಕಡೆ ನೆಲ ತಗ್ಗು. ಮುದುಕ ಬಾಗಿಲ ಕಂಬಿ ಹಿಡಿದು ಏದುಸಿರು ಬಿಡುತ್ತ ಇಳಿದ. ಯಂಕಮ್ಮ ಅವನ ಗಂಟು ತೆಗೆದುಕೊಂಡಳು. ಹೊಸ ಅಂಗಿ ತೊಟ್ಟ ಸಾಯಬಣ್ಣ ಮಾವನಾಗುವವನ ಕಾಲು ಮುಟ್ಟಬೇಕು ಎನ್ನುವಷ್ಟರಲ್ಲಿ ಪಕ್ಕದ ಡಬ್ಬಿಯಿಂದ ಕೂಗು ಬಂತು.

"ಏ ಪಾವಟಿಗಿ!"

ಬಾಗಿಲಲ್ಲಿ ಜಾಗೀರದಾರ ನಿಂತಿದ್ದ. ಮೈ ಇಳಿದಿತ್ತು, ಶೇರವಾನಿಯ ಬಣ್ಣ ಹೋಗಿತ್ತು, ಧ್ವನಿ ಮಾತ್ರ ಅದೇ. ಸಾಯಬಣ್ಣ ಬಾಗಬೇಕೆಂದುಕೊಳ್ಳಲಿಲ್ಲ. ಮೈ ಅವನನ್ನು ಕೇಳಲೇ ಇಲ್ಲ. ಕಣ್ಣು ಬಿಟ್ಟು ನೋಡುವಾಗ ಅಂಗೈಯಡಿ ಜಲ್ಲಿಕಲ್ಲಿತ್ತು, ಬೆನ್ನ ಮೇಲೆ ಬೂಟಿತ್ತು. ಅಯ್ಯೋ, ಒಂದಿಷ್ಟು ಅಲುಗಾಡಿ ಆ ಜಾಗೀರದಾರನನ್ನು ಕೆಡವಲೂ ಆಗಲಿಲ್ಲ ಅವನಿಗೆ.

ಜಾಗೀರದಾರ ಇಳಿದು, ಶೇರವಾನಿಯ ಧೂಳು ಕೊಡವಿಕೊಂಡು ಮಲ್ಕಪ್ಪನ ಕಡೆ ನೋಡಿದ. "ನಿಮ್ಮಾಂವೇನು? ಭಾಳ ನಂಬಿಗಸ್ತ. ಇಷ್ಟು ವರ್ಷ ನನ್ನ ಕಾಲಾಗ ಇದ್ದ, ಒಂದಿನಾನೂ ಅಲುಗಾಡಿಲ್ಲ" ಎಂದವನೇ ಟಾಂಗಾ ಹತ್ತಿ ಹೊರಟುಹೋದ. ಹಮಾಲರು ನಗುತ್ತಿದ್ದರು.

ಮಲ್ಕಪ್ಪ ನಗಲಿಲ್ಲ. ಅವನ ಮುಖ ಅರಳಿತು. ಜೀವಮಾನವಿಡೀ ಬಿಟ್ಟಿ ಚಾಕರಿ ಮಾಡಿದವನಿಗೆ ಧಣಿಯ ಬಾಯಿಂದ ಬಂದ ಒಳ್ಳೆಯ ಮಾತಿಗಿಂತ ದೊಡ್ಡ ಜಾಮೀನು ಯಾವುದು? "ಧಣೇರ ಕೈಯಾಗ ಬೆಳದಾಂವ! ನನಗ ಒಪ್ಪಿಗಿ ಅದ ನೋಡವ್ವ" ಎಂದ. ಯಂಕಮ್ಮ ಇಬ್ಬರಿಗೂ ರೊಟ್ಟಿ ಬಡಿಸಿದಳು. ಸಾಯಬಣ್ಣನ ಮುಖ ನೋಡಲಿಲ್ಲ. ಅವನೂ ತುತ್ತು ನುಂಗಲಾರದೆ ನುಂಗಿದ; ನಾಚಿಕೆ ಒಂದು ಕಡೆ, ಹೆಣ್ಣು ಸಿಕ್ಕಿತಲ್ಲ ಎಂಬ ಹಾಳು ಆಸೆ ಇನ್ನೊಂದು ಕಡೆ.

ಮಧ್ಯಾಹ್ನ ವಾಪಸು ಗಾಡಿ ಬಂತು. ಮಲ್ಕಪ್ಪ ಎತ್ತರದ ಮೆಟ್ಟಿಲು ನೋಡಿ ನಿಂತ.

"ಅಳಿಯಾ, ಮೊಳಕಾಲಾಗ ಜೀವ ಇಲ್ಲ ನನಗ. ತುಸು ಬಾಗು."

ಮುದುಕನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸಾಯಬಣ್ಣ ಕೈ ಚಾಚಿದ.

"ಕೈ ಕೊಡ್ರಿ ಮಾವ. ಎತ್ತಿ ಹತ್ತಸ್ತೀನಿ."

"ಕೈ ಯಾಕ? ಧಣೇರಿಗಿ ಬಾಗಿದ ಬೆನ್ನು ನನಗ ಬಾಗಲ್ಲೇನು?"

"ಬಾಗಲೇ ಪಾವಟಿಗಿ!" ಎಂದು ಹಮಾಲರು ಕೂಗಿದರು.

"ಒಲ್ಲೆರಿ" ಎಂದ ಸಾಯಬಣ್ಣ. ಧ್ವನಿ ಒಡೆದು ಅದು ಬೈಗುಳದ ಹಾಗೆ ಕೇಳಿಸಿತು.

ಮಲ್ಕಪ್ಪ ಮುಖ ಕಪ್ಪಿಟ್ಟು ನೆಲಕ್ಕೆ ಉಗುಳಿದ. ಯಂಕಮ್ಮ ರೊಟ್ಟಿಯ ಬುಟ್ಟಿ ಕೆಳಗಿಟ್ಟು, ಅಪ್ಪನ ತೋಳಿನಡಿ ಕೈ ಕೊಟ್ಟು ತಾನೇ ಹತ್ತಿಸಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ತಾನೂ ಹತ್ತಿದಳು.

"ಯಂಕಮ್ಮ, ನೀ ಯಾಕ?" ಎಂದ ಸಾಯಬಣ್ಣ.

"ತುಳದವಗ ಬಾಗಿದಿ. ಮಗಳನ್ನ ಕೊಡಾಕ ಬಂದ ಮುದುಕಗ ಸೆಟದು ನಿಂತಿ" ಎಂದಳು ಅವಳು, ಸಿಟ್ಟಿಲ್ಲದೆ. "ಮನ್ಯಾಗ ನನ್ನ ಮುಂದ ನೀ ಹ್ಯಾಂಗ ಇರ್ತಿ ಅಂತ ನನಗ ಗೊತ್ತದ. ಅಂಥಾವನ ಕೂಡ ಒಂದ್ಸಲ ಬಾಳೇವು ಮಾಡೀನಿ."

ಗಾಡಿ ಕದಲಿತು. ಸಾಯಬಣ್ಣ ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಓಡಿದ. ಬಾಗಿದವನು ನಾನಲ್ಲ, ಆ ಹತ್ತು ವರ್ಷದ ಹುಡುಗ, ನಾನು ಅಂದರೆ ಈಗ ನಿಂತವನು ಎಂದು ಹೇಳಬೇಕಿತ್ತು. ಮಾತು ಕೂಡಿಬರುವ ಹೊತ್ತಿಗೆ ಗಾಡಿ ಚಿತ್ತಾಪುರದ ದಾರಿ ಹಿಡಿದಿತ್ತು. ಹುಟ್ಟಿದಾಗಿನಿಂದ ಒಬ್ಬರ ಮುಖಕ್ಕೆ ಅವನು ಒಲ್ಲೆ ಎಂದದ್ದು ಇದೇ ಮೊದಲು. ಅದನ್ನು ಕೇಳಿಸಿಕೊಳ್ಳಬೇಕಾದವನು ಬೆಳಿಗ್ಗೆಯೇ ಟಾಂಗಾ ಹತ್ತಿ ಹೋಗಿದ್ದ.