ಆಟಗಾರನ ಹೆಂಡತಿಯ ಹಾಲಿನ ಲೋಟ

ಟಿವಿಯಲ್ಲಿ ನಾನು ದೊಡ್ಡ ಕ್ರಿಕೆಟ್ ಆಟಗಾರನೊಬ್ಬನ ಹೆಂಡತಿ. ಬೆನ್ನು ಕಾಣುವ ರವಿಕೆ, ಮೊಣಕೈವರೆಗೂ ಬಳೆ, ಮಲಗಿದಾಗಲೂ ಅಳಿಸದ ತುಟಿಬಣ್ಣ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿ ನಾನು ಒಣಮೆಣಸಿನಕಾಯಿ ವ್ಯಾಪಾರಿಯ ಹೆಂಡತಿ. ಸಂಜೆ ನನ್ನವರು ಅಮರಗೋಳದ ಅಂಗಡಿಯಿಂದ ಬಂದರೆ ಅವರ ಅಂಗಿಯ ಘಾಟಿಗೆ ಮೊದಲು ಸೀನು, ಆಮೇಲೆ ಮಾತು. ತಿಂಗಳಲ್ಲಿ ಅರ್ಧ ಬೆಂಗಳೂರಿನಲ್ಲಿ ಶೂಟಿಂಗ್, ಉಳಿದರ್ಧ ಇಲ್ಲಿ. ಹೀಗೆ ಎರಡು ಸಂಸಾರ ನಡೆಸುತ್ತಿದ್ದೆ.

ಟಿವಿಗೆ ಬರುವವರೆಗೆ ನಾನು ಊರಿನ ಹವ್ಯಾಸಿ ತಂಡಗಳ ನಾಟಕಗಳಲ್ಲಿ ಪಾರ್ಟು ಮಾಡಿದವಳು. ಧಾರಾವಾಹಿಗೆ ಕರೆ ಬಂದಾಗ ನನ್ನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೋಗು ಎಂದವರು ನಮ್ಮ ಅತ್ತೆ. "ನನ್ನ ಸೊಸಿ ಟಿವ್ಯಾಗ ಬರ್ತಾಳಂದ್ರ ಯಾರ್ಯಾರ ಹೊಟ್ಟಿ ಉರೀತೈತೋ ಉರೀಲಿ" ಎಂದು ನಕ್ಕಿದ್ದರು. ಮೊದಲ ದಿನಗಳಲ್ಲಿ ಸಂಜೆಯ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಟಿವಿಯ ಮುಂದೆ ಕೂರುತ್ತಿದ್ದರು. ಬೆಂಗೇರಿಯಲ್ಲಿದ್ದ ಅವರ ತಂಗಿಗೆ ಫೋನ್ ಮಾಡಿ, ಈಗ ಬರ್ತಾಳ ನೋಡು, ಹಸರ ಸೀರಿ ಉಟ್ಟಾಳ ಎಂದು ಮುಂಚೆಯೇ ಹೇಳುತ್ತಿದ್ದರು.

ಆಮೇಲೆ ಕಥೆ ಹೊರಳಿತು. ಒಳ್ಳೆಯವಳಾಗಿದ್ದ ನನ್ನನ್ನು ಬರೆಯುವವರು ಕೆಟ್ಟವಳನ್ನಾಗಿ ಮಾಡಿದರು. ಆಟಗಾರ ನನಗೊಂದು ಮೋಸ ಮಾಡಿರುತ್ತಾನೆ. ನಾನು ಸೇಡಿಗಾಗಿ ದೊಡ್ಡ ಪಂದ್ಯದ ಹಿಂದಿನ ದಿನ ಅವನ ಹಾಲಿಗೆ ನಿಷೇಧಿತ ಔಷಧ ಬೆರೆಸುತ್ತೇನೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅವನ ಹೆಸರು ಕೆಡುತ್ತದೆ. ಆ ದೃಶ್ಯ ತೆಗೆಯುವಾಗ ನಿರ್ದೇಶಕರು, "ಏನೂ ನಟಿಸಬೇಡಿ ಮೇಡಂ, ಮನೆಯಲ್ಲಿ ಹೇಗೆ ಕೊಡ್ತೀರೋ ಹಾಗೇ ಕೊಡಿ" ಎಂದರು. ಹಾಗೇ ಕೊಟ್ಟೆ. ಹಾಲು ಕಲಕಿ, ಲೋಟದ ಅಂಚನ್ನು ಸೆರಗಿನ ತುದಿಯಿಂದ ಒರೆಸಿ, ಬಿಸಿ ಇದೆ ಎಂದು ಹೇಳಿ, ಕುತ್ತಿಗೆ ಕೊಂಚ ಓರೆ ಮಾಡಿ ನಕ್ಕೆ. ಸೆಟ್ಟಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದರು.

ಆ ಕಂತು ಪ್ರಸಾರವಾದ ಮೇಲೆ ನಾನು ಊರಿಗೆ ಬಂದೆ. ಊಟದ ಮೇಲೆ ಅತ್ತೆಗೆ ಅರಿಸಿನ ಹಾಕಿದ ಹಾಲು ಕೊಡುವುದು ನನ್ನ ಮದುವೆಯಾದಾಗಿನಿಂದ ನಡೆದುಬಂದ ರೂಢಿ. ಅಂದು ಲೋಟ ಇಸಿದುಕೊಂಡು ಪಕ್ಕಕ್ಕಿಟ್ಟರು.

"ಯಾಕ್ರೀ ಅತ್ತಿ, ಆರಿ ಹೋಗ್ತದಲ್ಲ?"

"ಕುಡೀತೇನಿ, ನೀ ಹೋಗು."

ಮರುದಿನ ಹೊಟ್ಟೆ ಭಾರ ಎಂದರು. ಅದರ ಮರುದಿನ ಡಾಕ್ಟರು ಬೇಡ ಎಂದಿದ್ದಾರೆ ಎಂದರು. ಆದರೆ ಬೆಳಿಗ್ಗೆ ಲೋಟ ಖಾಲಿ ಇರುತ್ತಿತ್ತು. ಹಿತ್ತಲಿನ ಕರಿಬೇವಿನ ಕುಂಡದ ಮಣ್ಣಿನ ಮೇಲೆ ಒಂದು ದಿನ ಹಳದಿ ಕೆನೆ ಒಣಗಿ ಅಂಟಿಕೊಂಡಿದ್ದನ್ನು ನೋಡಿದೆ. ಇರುವೆ ಮುತ್ತಿದ್ದವು. ನಾನು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಆ ಇರುವೆಗಳನ್ನು ನೋಡುತ್ತ ಉಳಿದೆ. ಯಾರಿಗಾದರೂ ಹೇಳಿದರೆ ನಗುತ್ತಾರೆ. ನನಗೆ ನಗು ಬರಲಿಲ್ಲ.

ನನ್ನವರಿಗೆ ಹೇಳಿದರೆ, "ವಯಸ್ಸಾಗೈತಿ, ಬಿಡು" ಎಂದರು. ಎಂದವರು ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸುಮ್ಮನೆ ಕೇಳಿದಂತೆ ಕೇಳಿದರು: "ಆ ಹೀರೋ ಮಧ್ಯಾಹ್ನ ನಿನ್ನ ಜೋಡೀನ ಊಟಕ್ಕ ಕುಂದರತಾನೇನು?"

ಮನೆಯಲ್ಲಿ ನನ್ನ ಮಾತನ್ನು ತೂಗುತ್ತಿದ್ದಾರೆ ಎಂಬುದು ಆಗ ಗಮನಕ್ಕೆ ಬಂತು. ಸೆಟ್ಟಿನಲ್ಲಿ ನಮ್ಮ ಕಡೆಯ ಮಾತು ನಡೆಯುವುದಿಲ್ಲ. 'ಐತಿ' ಎಂದರೆ ಕಟ್ ಎನ್ನುತ್ತಾರೆ. ಅಲ್ಲಿನ ಅಭ್ಯಾಸದಲ್ಲಿ ಒಮ್ಮೆ ಊಟಕ್ಕೆ ಬಡಿಸುತ್ತ, "ಉಪ್ಪು ಸರಿಯಾಗಿದೆಯಾ?" ಎಂದುಬಿಟ್ಟೆ. ಅತ್ತೆಯ ಕೈಯ ತುತ್ತು ಅರ್ಧಕ್ಕೇ ನಿಂತಿತು. ತಾಯಿ ಮಗ ಒಬ್ಬರನ್ನೊಬ್ಬರು ನೋಡಿಕೊಂಡರು.

ಒಂದು ದಿನ ಅತ್ತೆಯನ್ನು ಕರೆದುಕೊಂಡು ಕಾಯಿಪಲ್ಲೆ ತರಲು ಹೋಗಿದ್ದೆ. ಸೊಪ್ಪು ಮಾರುವ ಮುದುಕಿ ನನ್ನ ಕೈ ಹಿಡಿದು, "ಚಿನ್ನದಂಥಾ ಗಂಡಗ ಯಾಕ ತಂಗಿ ಹಂಗ ಮಾಡಿದಿ? ಅಂವಾ ನಿನ್ನ ನಂಬಿದ್ದಾ" ಎಂದಳು. ನಾನು ನಕ್ಕು, "ಕಥಿ ಯವ್ವಾ, ಅದು ಕಥಿ" ಎಂದೆ. ಹಿಂದೆ ತಿರುಗಿದರೆ ಚೀಲ ಹಿಡಿದು ನಿಂತ ಅತ್ತೆ ನಗುತ್ತಿರಲಿಲ್ಲ. ಮುದುಕಿ ಕೇಳಿದ ಪ್ರಶ್ನೆಗೆ ನಾನೇನು ಉತ್ತರ ಕೊಡುತ್ತೇನೆ ಎಂದು ಕಾದಂತೆ ನನ್ನನ್ನೇ ನೋಡುತ್ತಿದ್ದರು.

ಅದೇ ವಾರ ಬೆಂಗೇರಿಯಿಂದ ಅವರ ತಂಗಿ ಬಂದರು. ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಚಟಪಟ ನಿಂತ ಮೇಲೆ ಪಡಸಾಲೆಯ ಮಾತು ಕೇಳಿಸಿತು: "ಆಕಿ ಮಾಡಿದ್ದು ಉಣಬ್ಯಾಡ ಅನ್ನೂದಿಲ್ಲಕ್ಕಾ. ಒಂದೀಟು ನೋಡಕೋತ ಇರು ಅಂತೇನಿ." ಅವಲಕ್ಕಿಯನ್ನು ಇಬ್ಬರ ಮುಂದಿಟ್ಟೆ. ಆ ತಂಗಿ ತಾವು ತಿನ್ನುವ ಮೊದಲು, "ನೀನೂ ತಗೋವಾ" ಎಂದರು. ನಾನು ತಿಂದೆ. ಆಮೇಲೆ ತಿಂದರು.

ಅವರು ಹೋದ ಮೇಲೆ ನನಗೆ ತಡೆದುಕೊಳ್ಳಲಾಗಲಿಲ್ಲ. ಅತ್ತೆಯ ಮುಂದೆ ಕುಳಿತೆ. "ಅತ್ತಿ, ಹಾಲಿನ್ಯಾಗ ನಾ ಏನರ ಹಾಕ್ತೇನಿ ಅಂತ ಖರೇನ ನಿಮಗ ಅನಸ್ತದೇನ್ರಿ?"

ಕೇಳುತ್ತಿದ್ದಂತೆಯೇ ನನಗೆ ಅಳು ಒತ್ತಿ ಬಂತು.

"ನೋಡು, ಮೊನ್ನೆ ಟಿವ್ಯಾಗೂ ಹಿಂಗ ಅತ್ತಿದ್ದಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಹುಚ್ಚಿಯೇನು, ವಿಷ ಹಾಕ್ತಿ ಅನ್ನಾಕ? ನನಗ ಆ ಚಿಂತಿ ಇಲ್ಲ. ಗಂಡಗ ಹಾಲು ಕೊಟ್ಟು ನಕ್ಕಿಯಲ್ಲ, ಅದು ನಮ್ಮನೀ ನಗು. ಸೆರಗಿಲೆ ಲೋಟ ಒರಸೂದು, ಕುತ್ತಿಗಿ ಹಿಂಗ ಓರಿ ಮಾಡೂದು, ಎಲ್ಲಾ ನನ್ನ ಮುಂದ ಮಾಡಿದ್ದ. ಅಲ್ಲಿ ಅದು ಸುಳ್ಳಾದ್ರ ಇಲ್ಲಿ ಹೆಂಗ ಖರೇ ಅಂತ ತಿಳಕೋಬೇಕು?"

ಏನೇ ಹೇಳಿದರೂ ಅದೂ ಯಾರೋ ಬರೆದುಕೊಟ್ಟ ಮಾತಿನ ಹಾಗೆ ಕೇಳುತ್ತದೆ ಎನ್ನಿಸಿತು. ಆಮೇಲೆ ಮನೆಯಲ್ಲಿ ನಗುವುದನ್ನು ಕಡಿಮೆ ಮಾಡಿದೆ. ಅದಕ್ಕೆ ಅವರು, "ಈಗ್ಯಾಕ ನಗೂದು ಬಿಟ್ಟಿ? ಸಿಕ್ಕಿಬಿದ್ದೆ ಅಂತೇನು?" ಎಂದರು.

ಇನ್ನು ನನಗೇ ಎಲ್ಲರ ಮೇಲೆ ಅನುಮಾನ. ನನ್ನವರು ಬಚ್ಚಲಿಗೆ ಮೊಬೈಲ್ ಒಯ್ದರೆ ಅನುಮಾನ, ಅತ್ತೆ ಬಾಗಿಲು ಮುಂದೆ ಮಾಡಿ ಮಾತಾಡಿದರೆ ಅನುಮಾನ. ಒಂದು ಮಧ್ಯಾಹ್ನ ನನ್ನವರು ಬುತ್ತಿ ಮರೆತು ಹೋಗಿದ್ದರು. ಅದೇ ನೆಪ ಮಾಡಿಕೊಂಡು, ಹೇಳದೇ ಬಸ್ಸು ಹತ್ತಿ ಅಮರಗೋಳಕ್ಕೆ ಹೋದೆ.

ಮೆಣಸಿನಕಾಯಿ ಚೀಲಗಳ ಹಿಂದೆ, ಗೋಡೆಗೆ ಒರಗಿ ಕುಳಿತು ಅವರು ಮೊಬೈಲ್ ನೋಡುತ್ತಿದ್ದರು. ಹತ್ತಿರ ಹೋದರೆ ಪರದೆಯ ಮೇಲೆ ನಾನೇ. ಆಟಗಾರ ಕಪ್ ಗೆದ್ದು ಬಂದಿದ್ದಾನೆ, ನಾನು ಅವನ ಕೊರಳಿಗೆ ಕೈಹಾಕಿ ನಗುತ್ತಿದ್ದೇನೆ. ದನಿ ಇರಲಿಲ್ಲ. ನನ್ನವರು ಆ ನಗುವಿನ ಮೇಲೆ ಬೆರಳಿಟ್ಟು ನಿಲ್ಲಿಸಿ, ಹಿಂದಕ್ಕೆ ತಳ್ಳಿ, ಮತ್ತೆ ನೋಡಿದರು.

"ಏನ ಹುಡಕಾಕತ್ತೀರಿ?" ಎಂದೆ.

ಅವರು ಬೆಚ್ಚಿದರು. ಆದರೆ ಸುಳ್ಳು ಹೇಳಲಿಲ್ಲ. "ಮಾತು ಅವರು ಬರದು ಕೊಟ್ಟಿದ್ದು, ನಗು ನಿಂದ. ಅದಕ್ಕ ದನಿ ಬಂದ್ ಮಾಡಿ ನೋಡ್ತೇನಿ."

"ಏನ ಸಿಕ್ತು?"

"ಏನೂ ಸಿಕ್ಕಿಲ್ಲ." ಪರದೆ ಆರಿಸಿ, "ಸಿಕ್ಕಿಲ್ಲಂದ್ರೂ ಸಮಾಧಾನ ಆಗವಲ್ತು" ಎಂದರು.

ಆಗ ನನಗೆ ಬಂದ ಸಿಟ್ಟನ್ನು ಯಾವ ನಿರ್ದೇಶಕನೂ ಒಪ್ಪುತ್ತಿರಲಿಲ್ಲ. ಮೆಣಸಿನಕಾಯಿ ಧೂಳು ಗಂಟಲಿಗೆ ಹೋಗಿ ಕೆಮ್ಮು, ಕೆಮ್ಮಿನ ನಡುವೆ ಸೀನು, ಮೂಗು ಸೋರುತ್ತಿತ್ತು. ಚೀಲ ಹೊರುತ್ತಿದ್ದ ಹಮಾಲರು ನಿಂತು ನೋಡಿದರು. ನಾನು ಬುತ್ತಿಯನ್ನು ತಕ್ಕಡಿಯ ಮೇಲೆ ಕುಕ್ಕಿ ಒದರಿದೆ: "ಅಂವನ ಜೋಡಿ ನಗೂದಕ್ಕ ನನಗ ಪಗಾರ ಕೊಡ್ತಾರ! ನಿಮ್ಮ ಜೋಡಿ ಇಷ್ಟು ವರ್ಷ ನಕ್ಕೇನಲ್ಲ, ಯಾರ ಕೊಟ್ಟಾರ? ಹೇಳ್ರಿ, ಯಾರ ಕೊಟ್ಟಾರ?"

ಅವರು ಮೊಬೈಲ್ ಜೇಬಿಗಿಟ್ಟರು. ನೀರಿನ ತಂಬಿಗೆ ಮುಂದೆ ಹಿಡಿದರು. ನಾನು ಅದನ್ನು ತಳ್ಳಿ ಬಸ್ಸು ಹತ್ತಿದೆ.

ಸಂಜೆ ಊಟಕ್ಕೆ ಕುಳಿತಾಗ ಅತ್ತೆ ಕೇಳಿದರು. "ಅಂಗಡ್ಯಾಗ ಹಮಾಲರ ಮುಂದ ಬೈದಿ ಅಂತಲ್ಲ. ಏನಂತ ಬೈದಿ?"

ಮುಚ್ಚಿಡುವ ಹುರುಪು ಉಳಿದಿರಲಿಲ್ಲ. ಹೇಳಿದೆ. ಅವರು ಆ ಮಾತನ್ನು ಬಾಯೊಳಗೇ ಇನ್ನೊಮ್ಮೆ ಆಡಿಕೊಂಡರು. ನನ್ನವರು ರೊಟ್ಟಿ ಮುರಿಯುತ್ತಿದ್ದರು. ಅತ್ತೆ ತಟ್ಟೆ ಸರಿಸಿ, "ಹಾಲು ಕಾಸೀಯೇನು? ತಾ" ಎಂದರು. ತಂದೆ. ನಗಲಿಲ್ಲ, ಅಂಚು ಒರೆಸಲಿಲ್ಲ. ಅವರು ಪೂರ್ತಿ ಕುಡಿದರು, ಆದರೆ ಕುಡಿಯುವಷ್ಟು ಹೊತ್ತೂ ಲೋಟದ ಮೇಲಿನಿಂದ ನನ್ನ ಮುಖ ನೋಡುತ್ತಲೇ ಇದ್ದರು.

ನೋಡುವವರು ಕಡಿಮೆಯಾದರೆಂದು ಕೆಲವು ತಿಂಗಳಲ್ಲಿ ಧಾರಾವಾಹಿ ನಿಂತಿತು. ಕೊನೆಯ ಕಂತಿನಲ್ಲಿ ಪೊಲೀಸರು ನನ್ನನ್ನು ಜೀಪಿಗೆ ಹತ್ತಿಸಿದರು. ಅತ್ತೆ "ಛಲೋ ಆತು" ಎಂದರು. ಜೀಪು ಮರೆಯಾದ ಮೇಲೆ, ನಾನು ಪಕ್ಕದಲ್ಲೇ ಕುಳಿತಿದ್ದರೂ, "ಪಾಪ, ಆಕೀನ ಕೇಳವರು ಯಾರೂ ಇಲ್ಲ" ಎಂದು ಕಣ್ಣು ಒರೆಸಿಕೊಂಡರು. ನನ್ನವರು ಈಗ ದನಿ ಹಾಕಿಯೇ ಹಳೆಯ ಕಂತುಗಳನ್ನು ನೋಡುತ್ತಾರೆ. ಎಲ್ಲರ ಮುಂದೆಯೇ ನೋಡುತ್ತಾರೆ. ಕೇಳಿದರೆ, ಛಲೋ ಮಾಡೀದಿ ಎನ್ನುತ್ತಾರೆ. ಅವರ ಅನುಮಾನ ಪೂರ್ತಿ ಹೋಗಿದೆ ಎಂದು ನಾನು ಹೇಳಲಾರೆ.

ಈ ವರ್ಷ ಇನ್ನೊಂದು ಪಾತ್ರ ಬಂತು. ಬಡವರ ಮನೆಯ, ಎಲ್ಲರನ್ನೂ ಸಹಿಸಿಕೊಳ್ಳುವ ಒಳ್ಳೆಯ ಸೊಸೆ. ಈ ಸಲವಾದರೂ ಅತ್ತೆಗೆ ಖುಷಿಯಾದೀತೆಂದು ಹೇಳಿದೆ. ಅವರು ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೈಯಲ್ಲೇ ಹಿಡಿದು ಯೋಚಿಸಿದರು.

"ಕೆಟ್ಟಾಕಿ ಆದಾಗರ ಇದು ನಮ್ಮಾಕಿ ಅಲ್ಲ ಅಂತ ಅನಕೋಬಹುದಿತ್ತು. ಒಳ್ಳೇತನಾನೂ ಆ್ಯಕ್ಟಿಂಗ್ ಮಾಡಿ ತೋರ್ಸಿದ್ರ ನಾವು ಏನ ನಂಬೂದು?"

ಆದರೂ ಒಪ್ಪಿಕೊಂಡೆ. ಆ ಪಾತ್ರಕ್ಕೆ ಮನೆಯ ಒಂದು ಅಭ್ಯಾಸವನ್ನೂ ಒಯ್ಯಬಾರದೆಂದು ನಿಶ್ಚಯಿಸಿಕೊಂಡು ಹೋಗುತ್ತೇನೆ. ದೃಶ್ಯ ಮುಗಿದಾಗ ನಿರ್ದೇಶಕರು ಮಾನಿಟರ್ ನೋಡಿ ತಲೆ ಕೆರೆದುಕೊಳ್ಳುತ್ತಾರೆ. "ಎಲ್ಲಾ ಸರಿ ಇದೆ ಮೇಡಂ, ಆದರೆ ಏನೋ ನಂಬಿಕೆ ಬರ್ತಾ ಇಲ್ಲ" ಎನ್ನುತ್ತಾರೆ. ಇನ್ನೊಂದು ಟೇಕ್ ತೆಗೆದುಕೊಳ್ಳಿ ಎಂದು ನಾನು ಮತ್ತೆ ದೀಪಗಳ ಕೆಳಗೆ ಹೋಗಿ ನಿಲ್ಲುತ್ತೇನೆ.